ಪಾದುಕೆ ತೊಡದ ಪಾದಗಳು

ಇಂದಿನ ನನ್ನ ಮಾತಿನ ವಸ್ತು ಪಾದ. ಪಾದವೆಂದೊಡನೆ ನಮ್ಮ ಮನಸ್ಸು ಗುರುಪಾದದ ಕಡೆಗೋ ಹರಿಪಾದದ ಕಡೆಗೋ ಹರಿಯುವುದು ಸಹಜ. ಛಂದಸ್ಸನ್ನು ಬಲ್ಲವರಿಗೆ ಪದ್ಯದ ಪಾದ ನೆನಪಾದೀತು. ನಾನು ಹೇಳಹೊರಟಿರುವುದು ಇವಾವುದನ್ನೂ ಅಲ್ಲ. ಓಟದ ಗೆರೆಯ ಮೇಲೆ ನಿಂತ, ಚೆಂಡನ್ನು ಒದ್ದ, ಕಲ್ಲುಮುಳ್ಳುಗಳಿಗೆ ಒಗ್ಗಿಹೋದ ಕೆಲವು ಬರಿಗಾಲುಗಳ ಕಥೆ ಇದು. ಅವುಗಳಲ್ಲಿ ಒಂದು ಜೊತೆ ಬೆಳಗಾವಿಯದು, ಇನ್ನೊಂದು ಬೆಂಗಳೂರಿನದು, ಮೂರನೆಯದು ನಮ್ಮ ಬೀದಿಯದೇ. ಮೊದಲಿನ ಎರಡು ಜೊತೆ ಪಾದಗಳನ್ನು ಲೋಕ ಕಂಡಿತು. ಮೂರನೆಯದನ್ನು ಕಂಡು ನೆನಪಿಟ್ಟುಕೊಂಡವನು ಬಹುಶಃ ನಾನೊಬ್ಬನೇ.

ನನ್ನ ಊರು ಮೈಸೂರಿನ ಒಂಟಿಕೊಪ್ಪಲು. ಪಂಚಾಂಗದ ದೆಸೆಯಿಂದ ಈ ಹೆಸರು ನಾಡಿನ ಅನೇಕ ಮನೆಗಳಿಗೆ ಪರಿಚಿತವಾದದ್ದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟದೊಂದು ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದ್ದು ಈ ಆಸುಪಾಸಿನಲ್ಲೇ. ಬಾನುಲಿಯ ಮುಂದೆ ಕುಳಿತು ಮಾತನಾಡುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಬಾಯಿಂದ ಹೊರಟ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಯಾರಾದರೂ ಬರೆದಿಟ್ಟರೆ ಉಳಿದೀತು. ಓಡಿದವನ ಓಟವಾದರೋ ಬರೆದಿಟ್ಟರೂ ಉಳಿಯುವಂಥದಲ್ಲ. ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಗೋಲು ಎಂಬ ಅಂಕಿಯಷ್ಟೇ ಉಳಿಯುತ್ತದೆ. ಆ ಅಂಕಿಯ ಹಿಂದೆ ಇದ್ದ ಪಾದವನ್ನು ನಾವು ಊಹಿಸಿಕೊಳ್ಳಬೇಕು. ಆ ಊಹೆಯಲ್ಲಿ ನಾವು ಎರಡು ಬಗೆಯಲ್ಲಿ ತಪ್ಪುತ್ತೇವೆ. ಒಂದೋ ಬರಿಗಾಲನ್ನು ಕಂಡು ಮರುಗುತ್ತೇವೆ, ಇಲ್ಲವೇ ಹಾಡಿ ಹೊಗಳುತ್ತೇವೆ. ಎರಡೂ ಸರಿಯಲ್ಲವೆಂಬುದು ನನ್ನ ಅನಿಸಿಕೆ.

ಮೊದಲಿಗೆ, ಈ ಆಟಗಳ ಬಾಲ್ಯವನ್ನು ಸ್ವಲ್ಪ ನೋಡೋಣ. ಇಂದು ಕಾಲ್ಚೆಂಡಿನ ಆಟಗಾರನೇ ಬೇರೆ, ನೂರು ಮೀಟರ್ ಓಡುವವನೇ ಬೇರೆ. ಇಬ್ಬರ ಅಭ್ಯಾಸ, ಆಹಾರ, ಪಾದರಕ್ಷೆ ಎಲ್ಲವೂ ಬೇರೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗಿರಲಿಲ್ಲ. ಜರ್ಮನಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಕೊನ್ರಾಡ್ ಕಾಖ್ ಎಂಬ ಉಪಾಧ್ಯಾಯರು 1874ರಲ್ಲಿ ತಮ್ಮ ಶಾಲೆಯ ಹುಡುಗರಿಗೆ ಈ ಆಟವನ್ನು ಕಲಿಸಿದರು. ಅಂಗಸಾಧನೆಯೇ ದೇಶಭಕ್ತಿಯೆಂದು ಬಗೆದಿದ್ದ ಅಲ್ಲಿನ ಗರಡಿಯ ಹಿರಿಯರಿಗೆ ಇದು ಸಹನೆಯಾಗಲಿಲ್ಲ. ಕಾರ್ಲ್ ಪ್ಲಾಂಕ್ ಎಂಬ ವ್ಯಾಯಾಮ ಶಿಕ್ಷಕರು 1898ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದು ಇದನ್ನು ಇಂಗ್ಲಿಷರ ಕಾಯಿಲೆಯೆಂದು ಜರೆದರು. ಚೆಂಡನ್ನು ಒದೆಯಲು ಬಾಗಿದ ಮನುಷ್ಯ ಕೋತಿಯಂತೆ ಕಾಣುತ್ತಾನೆಂದು ಹಾಸ್ಯ ಮಾಡಿದರು. ಆದರೂ ಎಳೆಯರು ಬಿಡಲಿಲ್ಲ. 1900ರಲ್ಲಿ ಲೈಪ್‌ಜಿಗ್ ನಗರದಲ್ಲಿ ಜರ್ಮನ್ ಕಾಲ್ಚೆಂಡು ಸಂಘ ಹುಟ್ಟಿತು. ಆಗಿನ ಅನೇಕ ಕ್ಲಬ್ಬುಗಳಲ್ಲಿ ಚಳಿಗಾಲಕ್ಕೆ ಚೆಂಡು, ಬೇಸಿಗೆಗೆ ಓಟ ಎಂಬುದು ವಾಡಿಕೆ. ಆಡುವ ಕಾಲೂ ಓಡುವ ಕಾಲೂ ಒಂದೇ.

ಇಂಥ ಒಂದು ಜೊತೆ ಕಾಲು ಭಾರತದಲ್ಲಿಯೂ ಇತ್ತು. ಕಲ್ಕತ್ತೆಯಲ್ಲಿ ಹುಟ್ಟಿದ ಆಂಗ್ಲ ಮನೆತನದ ನಾರ್ಮನ್ ಪ್ರಿಚರ್ಡ್ ಬಂಗಾಳದ ನೂರು ಗಜದ ಓಟದಲ್ಲಿ 1894ರಿಂದ ಏಳು ವರ್ಷ ಎಡೆಬಿಡದೆ ಗೆದ್ದವನು. 1897ರಲ್ಲಿ ಸೇಂಟ್ ಝೇವಿಯರ್ಸ್ ಪರವಾಗಿ ಶೋಭಾಬಜಾರ್ ತಂಡದ ಎದುರು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದವನೂ ಅವನೇ. 1900ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ಇನ್ನೂರು ಮೀಟರ್ ಓಟದಲ್ಲಿಯೂ ಇನ್ನೂರು ಮೀಟರ್ ಹರ್ಡಲ್ಸ್ ಓಟದಲ್ಲಿಯೂ ಎರಡನೆಯವನಾಗಿ ಬಂದ. ಮುಂದೆ ಅಮೆರಿಕೆಗೆ ಹೋಗಿ ನಾರ್ಮನ್ ಟ್ರೆವರ್ ಎಂಬ ಹೆಸರಿನಲ್ಲಿ ಮೂಕಿಚಿತ್ರಗಳಲ್ಲಿ ನಟಿಸಿ 1929ರಲ್ಲಿ ತೀರಿಕೊಂಡ. ಅವನ ಪದಕಗಳು ಭಾರತಕ್ಕೆ ಸೇರಬೇಕೋ ಬ್ರಿಟನ್ನಿಗೆ ಸೇರಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಆ ವಾದ ನಮಗೆ ಬೇಡ. ಅವನು ಆಳುವವರ ಬಳಗದವನು. ಬೂಟು ಅವನಿಗೆ ಹುಟ್ಟಿನೊಡನೆ ಬಂದ ಉಡುಪು. ನಮ್ಮ ಕಥೆ ಬೂಟು ಇಲ್ಲದವರದು.

ಬೂಟಿಲ್ಲದವರು ಬೂಟಿನವರನ್ನು ಗೆದ್ದ ದಿನವೂ ಒಂದು ಇದೆ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ಸೇನಾ ಪಡೆಯವರನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವರು ಒಬ್ಬರೇ. ಸ್ವದೇಶಿ ಚಳವಳಿಯ ಬಿಸಿ ಆರದಿದ್ದ ಕಾಲ. ಅಂದಿನಿಂದ ನಮ್ಮ ಜನರ ಕಣ್ಣಿಗೆ ಬರಿಗಾಲು ಬಡತನದ ಗುರುತಾಗಿ ಉಳಿಯಲಿಲ್ಲ, ಧ್ವಜದಂತೆ ಕಾಣತೊಡಗಿತು. ಇಲ್ಲಿಯೇ ಒಂದು ತೊಡಕೂ ಹುಟ್ಟಿತೆಂದು ನನಗೆ ತೋರುತ್ತದೆ. ಧ್ವಜವಾದ ವಸ್ತುವನ್ನು ಕುರಿತು ಯಾರೂ ಪ್ರಶ್ನೆ ಕೇಳುವುದಿಲ್ಲವಷ್ಟೆ.

ಈಗ ಬೆಳಗಾವಿಗೆ ಬರುತ್ತೇನೆ. ಆಗ ಅದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಊರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೋತ್ಸವಕ್ಕೆ ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಬಂದಿದ್ದರು. ದೂರದ ಓಟದಲ್ಲಿ ಓಡಿದವರು ಬಹುಮಟ್ಟಿಗೆ ಹಳ್ಳಿಯ ರೈತಾಪಿ ಜನ. ಕಾಲಲ್ಲಿ ಏನೂ ಇಲ್ಲ. ಹೀಗೆ ಓಡಬೇಕು, ಹೀಗೆ ಉಸಿರು ಬಿಡಬೇಕು ಎಂದು ಹೇಳಿಕೊಟ್ಟವರೂ ಇಲ್ಲ. ಆದರೂ ಅವರು ತೆಗೆದುಕೊಂಡ ವೇಳೆಯನ್ನು ಲೆಕ್ಕಹಾಕಿ ನೋಡಿದರೆ ಐರೋಪ್ಯ ಓಟಗಾರರ ವೇಳೆಗೆ ಹೋಲಿಸುವಂತಿತ್ತು. ಟಾಟಾ ಬೆರಗಾದರು. ಮುಂಬಯಿಯ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡರೊಡನೆ ಮಾತನಾಡಿ, 1920ರ ಆಂಟ್‌ವರ್ಪ್ ಒಲಿಂಪಿಕ್ ಕೂಟಕ್ಕೆ ಭಾರತದ ತಂಡವನ್ನು ಕಳುಹಿಸುವ ಏರ್ಪಾಡಿಗೆ ಕೈಹಾಕಿದರು.

ಆ ಸಂದರ್ಭದ ಒಂದು ಪ್ರಸಂಗವನ್ನು ಟಾಟಾ ಅವರೇ ಮುಂದೆ ಒಂದು ಪತ್ರದಲ್ಲಿ ನೆನೆದಿದ್ದಾರೆ. ಒಲಿಂಪಿಕ್ ಮಟ್ಟಕ್ಕೆ ಏರಲು ನೂರು ಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡಬೇಕೆಂದು ಅವರು ಸಮಿತಿಯ ಸದಸ್ಯರೊಬ್ಬರನ್ನು ಕೇಳಿದರಂತೆ. ಒಂದು ನಿಮಿಷವೋ ಎರಡು ನಿಮಿಷವೋ ಇರಬಹುದೆಂದು ಉತ್ತರ ಬಂತು. ಅಲ್ಲಿ ಲೆಕ್ಕಕ್ಕೆ ಬರುವುದು ನಿಮಿಷಗಳಲ್ಲ, ಸೆಕೆಂಡಿನ ತುಣುಕುಗಳು ಎಂದಾಗ ಆ ಮಹನೀಯರು ದಂಗಾದರು. ನಾವು ಇದನ್ನು ಕೇಳಿ ನಗಬಹುದು. ಆದರೆ ನಗುವಿನ ಹಿಂದೆ ಒಂದು ನೋವಿದೆ. ಓಡುವವರಿಗೆ ಓಡಲು ಬರುತ್ತಿತ್ತು. ಓಡಿಸುವವರಿಗೆ ಅಳೆಯಲು ಬರುತ್ತಿರಲಿಲ್ಲ.

ಆ ವರ್ಷ ಹೊರಟವರು ಆರು ಜನ: ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ವೇಗದ ಓಟಕ್ಕೆ ಬಂಗಾಳದ ಪೂರ್ಮಾ ಬ್ಯಾನರ್ಜಿ; ನೂರು ಮೀಟರ್, ನಾನೂರು ಮೀಟರ್ ಎರಡರಲ್ಲಿಯೂ ಮೊದಲ ಸುತ್ತಿನಲ್ಲೇ ಅವರ ಓಟ ಮುಗಿಯಿತು. ಮ್ಯಾರಥಾನ್ ಓಟಕ್ಕೆ ಸದಾಶಿವ ದಾತಾರ್ ಮತ್ತು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಗಸ್ಟ್ 22ರಂದು ಓಟ. ಆಂಟ್‌ವರ್ಪಿನಲ್ಲಿ ಅಂದು ತಂಪು ಹವೆ, ಮಳೆ. ದೂರ 42.75 ಕಿಲೋಮೀಟರು, ಒಲಿಂಪಿಕ್ ಕೂಟಗಳ ಮ್ಯಾರಥಾನುಗಳಲ್ಲೆಲ್ಲ ಅದೇ ಅತ್ಯಂತ ದೀರ್ಘವಾದದ್ದು. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ ಹೆಚ್ಚುಕಡಿಮೆ ಮೈಸೂರಿನಿಂದ ಮಂಡ್ಯಕ್ಕೆ ಓಡಿದಂತೆ. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ ಚಿಲ್ಲರೆಯಲ್ಲಿ ಗೆದ್ದ. ದಾತಾರರಿಗೆ ಓಟವನ್ನು ಮುಗಿಸಲಾಗಲಿಲ್ಲ. ಚೌಗುಲೆ ಮುಗಿಸಿದರು: ಹತ್ತೊಂಬತ್ತನೆಯ ಸ್ಥಾನ, 2 ಗಂಟೆ 50 ನಿಮಿಷ ಚಿಲ್ಲರೆ.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷದಂತೆ, ಒಂದರ ಹಿಂದೆ ಒಂದರಂತೆ, ನಲವತ್ತೆರಡು ಸಲ. ಅಪರಿಚಿತ ದೇಶ, ಅಪರಿಚಿತ ಚಳಿ, ಬಾಯಿಗೆ ಒಗ್ಗದ ಆಹಾರ. ಯೂರೋಪಿನವರಿಗೆ ಕ್ಲಬ್ಬುಗಳಿದ್ದವು, ತರಬೇತುದಾರರಿದ್ದರು, ಅಪ್ಪನಿಂದ ಮಗನಿಗೆ ಬಂದ ಓಟದ ತಿಳಿವಳಿಕೆಯಿತ್ತು. ಚೌಗುಲೆಯವರಿಗೆ ಇದ್ದದ್ದು ಕೆಲವೇ ತಿಂಗಳ ಅವಕಾಶ. ಹತ್ತೊಂಬತ್ತನೆಯವರಾಗಿ ಬಂದವರ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ಕನ್ನಡನಾಡಿನ ಮಣ್ಣಿನಲ್ಲಿ ಬೆಳೆದ ಪಾದವೊಂದು ಜಗತ್ತಿನ ಎದುರು ನಿಂತು ತನ್ನ ಬೆಲೆಯನ್ನು ತೋರಿಸಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಶತಮಾನ ಕಳೆದ ಮೇಲೂ ನಮ್ಮ ಶಾಲೆಯ ಪಾಠಗಳಲ್ಲಿ ಆ ಹೆಸರು ಕೇಳಿಬರುವುದು ಅಪರೂಪ.

ಇನ್ನು ಬೆಂಗಳೂರಿನ ಪಾದಗಳು. ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಕಾಲ್ಚೆಂಡನ್ನು ಗೆರೆಯಾಚೆ ನಿಂತು ನೋಡಿದ ಹುಡುಗರು ತಾವೂ ಆಡಲು ಕಲಿತರು. ನೋಡಿ ಕಲಿತ ವಿದ್ಯೆ ಎಷ್ಟು ಬೇಗ ಪಕ್ವವಾಯಿತೆಂದರೆ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಮರುವರ್ಷವೂ ಕಪ್ಪು ಅವರದೇ. 1946-47ರಲ್ಲಿ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಗೆದ್ದುಕೊಂಡಿತು. ಈ ನೆಲದಲ್ಲಿ 1926ರ ಡಿಸೆಂಬರಿನಲ್ಲಿ ಹುಟ್ಟಿ ಬೆಳೆದವರು ಅಹಮದ್ ಖಾನ್.

ಅಹಮದ್ ಖಾನರ ಸ್ಥಾನ ಇನ್‌ಸೈಡ್ ಲೆಫ್ಟ್, ಅಂದರೆ ಮುಂಚೂಣಿಯಲ್ಲಿ ಎಡಗಡೆಯ ಒಳ ಆಟಗಾರ. ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡವರಂತೆ ಕೊಂಡೊಯ್ದು ಎದುರಾಳಿಗಳನ್ನು ತಬ್ಬಿಬ್ಬುಗೊಳಿಸುತ್ತಿದ್ದುದರಿಂದ ಅವರಿಗೆ ಹಾವಾಡಿಗನೆಂಬ ಅಡ್ಡಹೆಸರು ಬಂದಿತ್ತು. ಹೆಸರು ಒಪ್ಪುವಂಥದೇ. ಹಾವಾಡಿಗ ಹಾವನ್ನು ಹಿಡಿಯುವುದಿಲ್ಲ. ತನ್ನ ಕಡೆಗೆ ಸೆಳೆದಿಟ್ಟುಕೊಳ್ಳುತ್ತಾನೆ. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹಮದ್ ಖಾನ್ ಈ ಐವರೂ ದಕ್ಷಿಣದವರು. ಇವರನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆದರು. 1949, 1950, 1951 ಮೂರು ವರ್ಷವೂ ಐ.ಎಫ್.ಎ. ಷೀಲ್ಡ್ ಇವರ ತಂಡದ ಪಾಲಾಯಿತು. ಬೆಂಗಳೂರಿನ ಮುಸಲ್ಮಾನ ಯುವಕನೊಬ್ಬನನ್ನು ಬಂಗಾಳದ ಜನ ಪಾಂಡವರಲ್ಲಿ ಒಬ್ಬನೆಂದು ಕರೆದು ಹೆಗಲ ಮೇಲೆ ಹೊತ್ತದ್ದು ದೇಶ ಇಬ್ಭಾಗವಾಗಿ ಎರಡೇ ವರ್ಷ ಕಳೆದಿದ್ದಾಗ. ಮಹಾಭಾರತವನ್ನು ಓದಿ ಬಲ್ಲ ನಾವು ಈ ಸಂಗತಿಯನ್ನು ಒಂದು ಕ್ಷಣ ನಿಂತು ನೋಡಬೇಕು.

ಬರಿಗಾಲಿನಲ್ಲಿ ಈ ಆಟ ಹೇಗೆ ಸಾಧ್ಯವಾಗುತ್ತಿತ್ತೆಂದು ಕೇಳುವವರಿದ್ದಾರೆ. ಪೂರ್ತಿ ಬರಿಗಾಲೆಂದೇನೂ ಅಲ್ಲ. ಹಿಮ್ಮಡಿಯ ಮೇಲೆ, ಗಂಟಿನ ಸುತ್ತ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಳ್ಳುವ ರೂಢಿ ಇತ್ತು. ಬೆರಳುಗಳು ಮಾತ್ರ ಬಯಲು. ಬೂಟಿನವನು ಚೆಂಡನ್ನು ಮುಟ್ಟಿದಾಗ ನಡುವೆ ದಪ್ಪ ಚರ್ಮವೊಂದು ಇರುತ್ತದೆ. ಬರಿಗಾಲಿನವನಿಗೆ ಚೆಂಡಿನ ಭಾರ, ತಿರುವು, ತೇವ ಎಲ್ಲವೂ ನೇರವಾಗಿ ತಿಳಿಯುತ್ತವೆ. ವೀಣೆಯ ತಂತಿಯನ್ನು ಬೆರಳಿನಿಂದ ಮೀಟುವುದಕ್ಕೂ ಕೈಚೀಲ ತೊಟ್ಟು ಮೀಟುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಗಟ್ಟಿಯಾದ ಒಣನೆಲದ ಮೇಲೆ ಬರಿಗಾಲಿನವನು ಥಟ್ಟನೆ ನಿಲ್ಲಬಲ್ಲ, ಥಟ್ಟನೆ ತಿರುಗಬಲ್ಲ. ಕಾಲಿಗೆ ಭಾರವಿಲ್ಲದ್ದರಿಂದ ಮೊದಲ ಹತ್ತು ಹೆಜ್ಜೆಗಳ ವೇಗವೂ ಅವನದೇ. ಆದರೆ ನೆಲ ಒದ್ದೆಯಾಯಿತೋ, ಆಟದ ಲೆಕ್ಕವೇ ತಲೆಕೆಳಗು. ಬೂಟಿನ ಅಡಿಯ ಗುಬಟುಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ, ಬರಿಗಾಲು ಜಾರುತ್ತದೆ. ಚೆಂಡಿನ ಚರ್ಮ ನೀರು ಕುಡಿದು ಕಲ್ಲಿನಂತಾಗುತ್ತದೆ. ಚಳಿಗೆ ಬೆರಳು ಮರಗಟ್ಟಿದರೆ, ಯಾವ ಸೂಕ್ಷ್ಮದಿಂದ ಅವನು ಗೆಲ್ಲುತ್ತಿದ್ದನೋ ಆ ಸೂಕ್ಷ್ಮವೇ ಸತ್ತುಹೋಗುತ್ತದೆ. ಬರಿಗಾಲಿನ ಆಟ ಒಂದು ಪೂರ್ಣವಾದ ವಿದ್ಯೆ. ಆದರೆ ಅದು ನಮ್ಮ ನೆಲದ, ನಮ್ಮ ಬಿಸಿಲಿನ ವಿದ್ಯೆ.

ಆ ವಿದ್ಯೆಯ ಶಕ್ತಿ ಏನೆಂಬುದು 1948ರಲ್ಲಿ ತಿಳಿಯಿತು. ಜುಲೈ 31ರಂದು ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡ್‌ನಲ್ಲಿ ಭಾರತಕ್ಕೂ ಫ್ರಾನ್ಸಿಗೂ ಪಂದ್ಯ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಕಾಲ್ಚೆಂಡು ಪಂದ್ಯ ಅದು. ನಾಯಕರು ನಾಗಾ ನಾಡಿನ ಡಾ. ತಾಲಿಮೆರೆನ್ ಆವೊ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ನೀವು ಆಡುವುದು ಬೂಟಿನ ಆಟ, ನಾವು ಆಡುವುದು ಪಾದದ ಆಟ ಎಂಬರ್ಥದ ಚಟಾಕಿಯೊಂದನ್ನು ನಾಯಕರು ಹಾರಿಸಿದರೆಂಬ ಮಾತು ಪ್ರಚಲಿತವಾಗಿದೆ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಮೈಸೂರು ತಂಡದಿಂದ ಹೋಗಿದ್ದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತವು, ಎರಡೂ ವ್ಯರ್ಥವಾದವು. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಅಹಮದ್ ಖಾನರ ಮೊದಲ ಒಲಿಂಪಿಕ್ ಯಾತ್ರೆ ಹೀಗೆ ಕೈಗೆ ಬಂದದ್ದು ಬಾಯಿಗೆ ಬಾರದೆ ಮುಗಿಯಿತು. ಆದರೂ ನೋಡಿದವರು ಮೆಚ್ಚಿದರು. ಮೆಚ್ಚುಗೆಯ ಹೊಗಳಿಕೆ ಊರಿಗೂ ಬಂದು ಮುಟ್ಟಿತು.

ಆ ಮೆಚ್ಚುಗೆಯೇ ನಮಗೆ ಮುಳುವಾಯಿತೇನೋ. 1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿಗೆ ಹೋಗುವ ಅವಕಾಶ ಭಾರತಕ್ಕೆ ಬಂದಿತ್ತು, ನಮ್ಮವರು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದೇ ಹೋಗಲಿಲ್ಲ ಎಂಬ ಕಥೆ ಇಂದಿಗೂ ನಡೆದುಬರುತ್ತಿದೆ. ಅದು ಕೇಳಲು ರಮ್ಯವಾದ ಕಥೆ, ನಿಜದ ಒಂದು ಚೂರು ಮಾತ್ರ. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯ ಸಾಲದಿದ್ದುದು, ಒಲಿಂಪಿಕ್ ಕೂಟವೇ ದೊಡ್ಡದು, ವಿಶ್ವಕಪ್ಪು ಅಷ್ಟೇನೂ ಮುಖ್ಯವಲ್ಲ ಎಂಬ ಆಗಿನ ಎಣಿಕೆ, ಇವೇ ಹೆಚ್ಚಿನ ಕಾರಣಗಳು. ನಮ್ಮ ಆಲಸ್ಯಕ್ಕೆ ಬರಿಗಾಲಿನ ಅಭಿಮಾನ ಒಂದು ಒಳ್ಳೆಯ ಹೊದಿಕೆಯಾಯಿತು. ಮರುವರ್ಷ, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಭಾರತ ಚಿನ್ನದ ಪದಕ ಪಡೆಯಿತು. ಆ ತಂಡದಲ್ಲಿ ಅಹಮದ್ ಖಾನರೂ ಇದ್ದರು. ನಮ್ಮ ನೆಲದ ಮೇಲೆ ನಮ್ಮ ವಿದ್ಯೆ ಗೆದ್ದಿತು. ಬೇರೆ ನೆಲದ ಯೋಚನೆಯನ್ನು ಯಾರೂ ಮಾಡಲಿಲ್ಲ.

1952ರ ಜುಲೈ 15ರಂದು ಆ ಬೇರೆ ನೆಲ ಎದುರಾಯಿತು. ಹೆಲ್ಸಿಂಕಿ ನಗರ, ಯುಗೊಸ್ಲಾವಿಯದ ತಂಡ. ಮುಂದೆ ಆ ಕೂಟದಲ್ಲಿ ಬೆಳ್ಳಿಯ ಪದಕ ಪಡೆದ ತಂಡ ಅದು. ಉತ್ತರದ ಚಳಿಯ ಹವೆಯಲ್ಲಿ ನಮ್ಮವರ ಬಹುಪಾಲು ಪಾದಗಳು ಬರಿದಾಗಿಯೇ ಇದ್ದವು. ಫಲಿತಾಂಶ 10-1. ಹತ್ತು ಅವರದು, ಒಂದು ನಮ್ಮದು. ಆ ಒಂದನ್ನು ಹೊಡೆದವರು ಅಹಮದ್ ಖಾನ್. ಹೊಡೆದದ್ದು ಎಂಬತ್ತೊಂಬತ್ತನೆಯ ನಿಮಿಷದಲ್ಲಿ.

ಈ ಒಂದು ಗೋಲನ್ನು ಕುರಿತು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹತ್ತು ಗೋಲುಗಳ ಕೆಳಗೆ ಹೂತುಹೋದ ತಂಡಕ್ಕೆ ಕೊನೆಯ ಎರಡು ನಿಮಿಷಗಳಲ್ಲಿ ಏನು ಉಳಿದಿರುತ್ತದೆ? ಪಂದ್ಯ ಮುಗಿದರೆ ಸಾಕೆಂಬ ಹಂಬಲ ಉಳಿದಿರುತ್ತದೆ. ಅಂಥ ಹೊತ್ತಿನಲ್ಲಿ, ಸೆಟೆದು ನೋಯುವ ಕಾಲುಗಳಿಂದ ಒಬ್ಬಾತ ಮುಂದೆ ಹೋಗಿ ಗೋಲು ಹೊಡೆಯುತ್ತಾನೆ. ಅದರಿಂದ ಸೋಲು ಬದಲಾಗುವುದಿಲ್ಲ. ಲೆಕ್ಕಪುಸ್ತಕದಲ್ಲಿ ಸೊನ್ನೆ ಇರಬೇಕಾದಲ್ಲಿ ಒಂದು ಎಂಬ ಅಂಕಿ ಬೀಳುತ್ತದೆ, ಅಷ್ಟೆ. ಇಂಗ್ಲೆಂಡಿನಲ್ಲಿ ಎಂಬತ್ತೊಂಬತ್ತನೆಯ ನಿಮಿಷ ನಮ್ಮ ಕೈಯಿಂದ ಪಂದ್ಯವನ್ನು ಕಿತ್ತುಕೊಂಡಿತ್ತು. ಹೆಲ್ಸಿಂಕಿಯಲ್ಲಿ ಅದೇ ನಿಮಿಷ ನಮಗೆ ಮಾನವನ್ನು ಉಳಿಸಿಕೊಟ್ಟಿತು.

ಆ ಸೋಲಿನ ಬಳಿಕ ಭಾರತದ ಕಾಲ್ಚೆಂಡು ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಕೂಟದಲ್ಲಿ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ತರಬೇತಿಯಲ್ಲಿ ಪಳಗಿದ ಭಾರತ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಇದರ ಅರ್ಥವೇನು? ಬೂಟು ತೊಟ್ಟೊಡನೆ ನಮ್ಮವರಿಗೆ ಆಟ ಬಂದುಬಿಟ್ಟಿತೆಂದಲ್ಲ. ಆಟ ಮೊದಲೇ ಇತ್ತು. ಅದಕ್ಕೆ ಬೇಕಾದ ಸಾಧನವನ್ನೂ ತರಬೇತಿಯನ್ನೂ ಸಕಾಲದಲ್ಲಿ ಒದಗಿಸಿದಾಗ ಅದು ಬೇರೆ ನೆಲದ ಮೇಲೂ ನಿಂತಿತು. ಹಾಗಾದರೆ ಅಹಮದ್ ಖಾನರ ತಲೆಮಾರಿಗೆ ಇದು ಏಕೆ ದೊರೆಯಲಿಲ್ಲವೆಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ಸರಳ. ಅವರು ಗೆಲ್ಲುತ್ತಿದ್ದಾಗ ನಾವು ಬರಿಗಾಲನ್ನು ಹೊಗಳಿದೆವು, ಸೋತಾಗ ಬರಿಗಾಲನ್ನು ಹಳಿದೆವು. ಎರಡೂ ಬಾರಿ ನಮ್ಮ ಕಣ್ಣು ಕಾಲಿನ ಮೇಲಿತ್ತು. ಕಾಲಿಗೆ ಏನು ಬೇಕೆಂದು ಕೇಳಲಿಲ್ಲ.

ಈಗ ನಮ್ಮ ಬೀದಿಯ ಹುಡುಗನ ಮಾತು. 1968ರ ಸುಮಾರು. ನನಗೆ ಹದಿಮೂರು ವರ್ಷ. ಅವನು ನಮಗೆ ಹಾಲು ಹಾಕುತ್ತಿದ್ದವರ ಮನೆಯವನು, ನನ್ನ ಓರಗೆಯವನು. ಬೆಳಗಿನ ಜಾವ ಎಮ್ಮೆಗಳನ್ನು ಹೊಡೆದುಕೊಂಡು ಹೋಗಿ ಬಂದು, ಮನೆಮನೆಗೆ ಹಾಲು ಕೊಟ್ಟು, ಆಮೇಲೆ ಶಾಲೆಗೆ ಬರುತ್ತಿದ್ದ. ಬರುವುದೆಂದರೆ ಓಡಿ ಬರುವುದೇ. ಒಂಟಿಕೊಪ್ಪಲಿನ ಕೆಮ್ಮಣ್ಣಿನ ಮೇಲೆ ಅವನ ಹೆಜ್ಜೆಯ ಸದ್ದು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಗಾಳಿ ಹಾದಂತಾಗುತ್ತಿತ್ತು. ಸಂಜೆ ಚೆಂಡಾಟದಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕಿದರೆ ನಾವೆಲ್ಲ ನಿಂತು ನೋಡುವುದು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಗೆದ್ದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ನಾವು ಕುಣಿದಾಡುತ್ತಿದ್ದ ದಿನಗಳು ಅವು. ಮುಂದಿನ ವರ್ಷ ನೀನೂ ಆ ತಂಡದಲ್ಲಿ ಆಡುತ್ತೀಯ ಕಣೋ ಎಂದು ನಾವು ಅವನಿಗೆ ಹೇಳುತ್ತಿದ್ದೆವು. ಅವನು ನಗುತ್ತಿದ್ದ.

ಶಾಲೆಗಳ ನಡುವಣ ಓಟದ ಪಂದ್ಯ ಬಂತು. ನೂರು ಮೀಟರ್ ಓಟಕ್ಕೆ ಅವನ ಹೆಸರು. ಆ ಬೆಳಿಗ್ಗೆ ಮೈದಾನದಲ್ಲಿ ಯಾರೋ ಒಬ್ಬ ಅಧಿಕಾರಿ ಬಂದು, ಬರಿಗಾಲಿನವರು ಓಡುವಂತಿಲ್ಲ ಎಂದುಬಿಟ್ಟರು. ನಮ್ಮ ಡ್ರಿಲ್ ಮೇಷ್ಟರು ಬೇಡಿಕೊಂಡರು. ಅಧಿಕಾರಿ ಒಪ್ಪಲಿಲ್ಲ. ನನ್ನ ಕಾಲಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು ಇತ್ತು. ನಮ್ಮ ತಂದೆ ಸಯ್ಯಾಜಿರಾವ್ ರಸ್ತೆಯಲ್ಲಿ ಕೊಡಿಸಿದ್ದು. ನಾನು ಅದನ್ನು ಬಿಚ್ಚಿ ಅವನಿಗೆ ಕೊಟ್ಟೆ. ದೊಡ್ಡ ತ್ಯಾಗ ಮಾಡಿದೆನೆಂಬ ಹೆಮ್ಮೆ ನನಗೆ. ಅವನ ಪಾದ ನನ್ನದಕ್ಕಿಂತ ಅಗಲ. ಹಿಂಡಿ ಹಿಂಡಿ ತೊಡಿಸಿದೆವು. ನಾಲ್ಕು ಹೆಜ್ಜೆ ಇಟ್ಟು ನೋಡಿ ಅವನು ಮೆಲ್ಲಗೆ, “ನೆಲವೇ ಗೊತ್ತಾಯ್ತಾ ಇಲ್ಲ ಕಣೋ” ಎಂದ. “ಓಡು, ಎಲ್ಲ ಸರಿಹೋಗುತ್ತೆ” ಎಂದೆ ನಾನು.

ಸರಿಹೋಗಲಿಲ್ಲ. ಸೀಟಿ ಊದಿದೊಡನೆ ಅವನು ಎಲ್ಲರಿಗಿಂತ ಮುಂದೆ ಚಿಮ್ಮಿದ. ಅರ್ಧ ದಾರಿಯಲ್ಲಿ ಮುಂಗಾಲು ಎಡವಿತು. ಬಿದ್ದ. ಎದ್ದು ಓಡಿ ಮುಗಿಸಿದ, ಕೊನೆಯವನಾಗಿ. ಮೊಣಕಾಲು ಕೆತ್ತಿಹೋಗಿತ್ತು. ಅವನು ಅಳಲಿಲ್ಲ. ಬೂಟನ್ನು ಬಿಚ್ಚಿ, ಮಣ್ಣನ್ನು ಅಂಗಿಯ ಚುಂಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, “ನಿಮ್ಮಪ್ಪಾರು ಬಯ್ದಾರು, ತಗೊ” ಎಂದ. ಆ ವರ್ಷದ ಕೊನೆಗೆ ಅವನು ಶಾಲೆಯನ್ನು ಬಿಟ್ಟ. ಅದಕ್ಕೆ ಈ ಓಟವೇ ಕಾರಣವೆಂದು ಹೇಳಲಾರೆ. ಮನೆಯ ಕಷ್ಟವಿತ್ತು, ಎಮ್ಮೆಗಳಿದ್ದವು. ಆದರೆ ಸಂಜೆಯ ಚೆಂಡಾಟಕ್ಕೂ ಅವನು ಮತ್ತೆ ಬರಲಿಲ್ಲ. ಆ ಬೂಟನ್ನು ನಾನು ಎರಡು ವರ್ಷ ಹಾಕಿಕೊಂಡು ತಿರುಗಿದೆ. ಅದರ ಒಳಗಿನ ಇಕ್ಕಟ್ಟು ಏನೆಂದು ನನಗೆ ಎಂದೂ ತಿಳಿಯಲಿಲ್ಲ. ನನ್ನ ಅಳತೆಗೆ ಕೊಡಿಸಿದ್ದ ಬೂಟು ಅದು.

ಬಹುಕಾಲ ನಾನು ಆ ಅಧಿಕಾರಿಯನ್ನು ದೂರುತ್ತಿದ್ದೆ. ವಯಸ್ಸಾದಂತೆ, ಅಹಮದ್ ಖಾನರ ಹೆಲ್ಸಿಂಕಿಯನ್ನೂ ಚೌಗುಲೆಯವರ ಆಂಟ್‌ವರ್ಪನ್ನೂ ಕುರಿತು ಓದುತ್ತ ಬಂದಂತೆ, ನನ್ನ ಪಾಲೂ ಅದರಲ್ಲಿದೆಯೆಂದು ತಿಳಿಯಿತು. ಅವನನ್ನು ಬರಿಗಾಲಿನಲ್ಲಿ ಓಡಲು ಬಿಡದವರದು ಒಂದು ತಪ್ಪು. ಪಂದ್ಯದ ದಿನವೇ, ಯಾರದೋ ಅಳತೆಯ ಬೂಟನ್ನು ತೊಡಿಸಿ, ಓಡು ಎಂದವರದು ಇನ್ನೊಂದು ತಪ್ಪು. ಒಂದು ವರ್ಷ ಮೊದಲೇ ಅವನ ಕಾಲಿನ ಅಳತೆಯ ಬೂಟು ಸಿಕ್ಕಿದ್ದರೆ ಅವನೂ ಅದಕ್ಕೆ ಒಗ್ಗುತ್ತಿದ್ದ. ಕೊಡುವುದು ದೊಡ್ಡದಲ್ಲ, ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ಕೊಡುವುದು ದೊಡ್ಡದು. ಇದು ಬೂಟಿನ ಮಾತು ಮಾತ್ರವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಡವರ ಮಕ್ಕಳ ಕೈಗೆ ನಾವು ಕೊಡುವ ಪುಸ್ತಕಕ್ಕೂ ಭಾಷೆಗೂ ಪರೀಕ್ಷೆಗೂ ಇದು ಅನ್ವಯಿಸುತ್ತದೆ.

ನಮ್ಮಲ್ಲಿ ಪಾದುಕೆಗೆ ಪಟ್ಟ ಕಟ್ಟಿದ ಕಥೆಯೊಂದಿದೆ. ಹದಿನಾಲ್ಕು ವರ್ಷ ಅಯೋಧ್ಯೆಯ ಸಿಂಹಾಸನದ ಮೇಲೆ ಪಾದುಕೆಗಳು ಇದ್ದವು. ಭರತನ ಭಕ್ತಿಯನ್ನು ನಾವು ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಆ ಹದಿನಾಲ್ಕು ವರ್ಷವೂ ಪಾದಗಳು ಕಾಡಿನ ಕಲ್ಲುಮುಳ್ಳಿನ ಮೇಲೆ ನಡೆಯುತ್ತಿದ್ದವೆಂಬುದನ್ನು ಭರತ ಮರೆತಿರಲಿಲ್ಲ. ನಾವು ಮರೆಯುತ್ತೇವೆ. ಕಪ್ಪುಗಳನ್ನೂ ಪದಕಗಳನ್ನೂ ಪೀಠದ ಮೇಲಿಟ್ಟು ಪೂಜಿಸುತ್ತೇವೆ. ಅವನ್ನು ತಂದ ಪಾದಗಳು ಎಲ್ಲಿ ನಡೆಯುತ್ತಿವೆಯೆಂದು ಕೇಳುವುದಿಲ್ಲ.

ಅಹಮದ್ ಖಾನ್ 2017ರ ಆಗಸ್ಟ್ 27ರಂದು ತಮ್ಮ ಹುಟ್ಟೂರು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತು ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸಂಜೆ ನಾನು ನಮ್ಮ ಬೀದಿಯ ತುದಿಯವರೆಗೆ ನಡೆದುಹೋದೆ. ಕೆಮ್ಮಣ್ಣಿನ ಬೀದಿಗೆ ಎಂದೋ ಡಾಂಬರು ಬಿದ್ದಿದೆ. ಹಾಲು ಪೊಟ್ಟಣದಲ್ಲಿ ಬರುತ್ತದೆ. ಮೂಲೆಯಲ್ಲಿ ನಾಲ್ಕಾರು ಹುಡುಗರು ಚೆಂಡು ಒದೆಯುತ್ತಿದ್ದರು. ಎಲ್ಲರ ಕಾಲಲ್ಲೂ ಬೂಟು, ಒಬ್ಬನನ್ನು ಬಿಟ್ಟು. ಅವನು ಗೋಡೆಯ ಪಕ್ಕ ನಿಂತು ತನ್ನ ಸರದಿಗಾಗಿ ಕಾಯುತ್ತಿದ್ದ. ನಾನು ಅವನ ಬಳಿಗೆ ಹೋಗಿ, “ಮಗು, ನಿನ್ನ ಕಾಲಿನ ಅಳತೆ ಎಷ್ಟಪ್ಪ?” ಎಂದು ಕೇಳಿದೆ.

(ಬಾನುಲಿ ಭಾಷಣ)